ಅಕ್ಕನನ್ನು ಸಾಯಿಸುವ ಕಾದಂಬರಿ

ಹುಣಸೂರಿನ ಉಮಾಶಂಕರ ಐವತ್ತಕ್ಕೂ ಹೆಚ್ಚು ಜನರನ್ನು ಕೊಂದಿದ್ದ, ಒಬ್ಬರಿಗಾಗಿಯೂ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಕೊಲೆಗಳೆಲ್ಲ ನಡೆದದ್ದು ಕಾದಂಬರಿಗಳಲ್ಲಿ ಅನ್ನಿ. ಬೆಳಗಿನ ಕಾಫಿಗೂ ಹೊಗೆಸೊಪ್ಪಿನ ಹರಾಜು ಕಟ್ಟೆಯ ಗುಮಾಸ್ತೆ ಕೆಲಸಕ್ಕೂ ನಡುವೆ ಸಿಗುವ ಹೊತ್ತಿನಲ್ಲಿ ಅವನು ಜನರ ಕತ್ತು ಹಿಸುಕಿ, ನಾಲೆಗೆ ನೂಕಿ, ಕಾಡಂಚಿನಲ್ಲಿ ಹೂತು, ಆಮೇಲೆ ತಲೆ ಬಾಚಿಕೊಂಡು ಆಫೀಸಿಗೆ ಹೋಗುತ್ತಿದ್ದ.

ಮೊದಲ ಕಾದಂಬರಿ 'ಹೊಗೆಗೂಡಿನ ಹೆಣ' ಬಂದದ್ದು ಎಂಬತ್ತೊಂಬತ್ತರಲ್ಲೋ ತೊಂಬತ್ತರಲ್ಲೋ. ಪಿರಿಯಾಪಟ್ಟಣದ ಕಡೆಯ ಒಂದು ಬ್ಯಾರನ್ನಿನಲ್ಲಿ, ಅಂದರೆ ಹೊಗೆಸೊಪ್ಪು ಬೇಯಿಸುವ ಗೂಡಿನಲ್ಲಿ, ನೇತುಹಾಕಿದ ಸೊಪ್ಪಿನ ಸಾಲುಗಳ ನಡುವೆ ಒಂದು ಹೆಣವೂ ನೇತಾಡುತ್ತಿರುತ್ತದೆ. ಆ ವರ್ಷ ಎಷ್ಟೋ ರೈತರು ಬೆಂಕಿ ಹಾಕುವ ಮುಂಚೆ ಬ್ಯಾರನ್ನಿನೊಳಗೆ ಬ್ಯಾಟರಿ ಬಿಟ್ಟು ನೋಡಿಕೊಳ್ಳುತ್ತಿದ್ದರಂತೆ. ಈ ಮಾತನ್ನು ಉಮಾಶಂಕರ ಯಾರು ಸಿಕ್ಕರೂ ಹೇಳುತ್ತಿದ್ದ. ಅವನಿಗೆ ಬಂದ ಪ್ರಶಸ್ತಿ ಅದೊಂದೇ. ಆಮೇಲೆ 'ಕೊಪ್ಪದ ಕೊನೆ ಬಸ್ಸು' ಬಂತು. ವೀರನಹೊಸಹಳ್ಳಿಯ ಕಾಡಿನ ಬಾಗಿಲಲ್ಲಿ ಸಿಗುವ ಮೂಳೆಗಳ ಕತೆ 'ಗೇಟಿನಾಚೆ' ಬಂತು. ಎಲ್ಲದರಲ್ಲೂ ಇನ್ಸ್‌ಪೆಕ್ಟರ್ ಮರಿಯಯ್ಯ ಎಂಬ, ಮುಖ ಗಂಟು ಹಾಕಿಕೊಂಡ ಒಬ್ಬ ಪೊಲೀಸ. ಆ ಪುಸ್ತಕಗಳ ಲೋಕದಲ್ಲಿ ಬಿಸಿಲು ಬೀಳುವುದು ಅಪರೂಪ, ಒಳ್ಳೆಯವರು ಸಿಗುವುದು ಇನ್ನೂ ಅಪರೂಪ. ಸಿಕ್ಕರೂ ಎರಡನೇ ಅಧ್ಯಾಯ ದಾಟುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ದಾರಕ್ಕೆ ನೇತುಬಿದ್ದ ಅವನ ಪುಸ್ತಕಗಳನ್ನು ಕಂಡಕ್ಟರುಗಳು, ಕಾಂಪೌಂಡರುಗಳು, ಕಾಲೇಜು ಹುಡುಗರು ಕೊಂಡು ಓದಿ, ಓದಿದ ಮೇಲೆ ಸೀಟಿನ ಮೇಲೇ ಬಿಟ್ಟು ಇಳಿದುಹೋಗುತ್ತಿದ್ದರು.

ಮೈಸೂರಿನ ಪ್ರಕಾಶಕ ಕಂಠಪ್ಪ ಶುರುವಿನಲ್ಲೇ ಅವನಿಗೊಂದು ಪಾಠ ಹೇಳಿಕೊಟ್ಟಿದ್ದರು.

"ಹೆಣದ ಹೆಸರು ಬೇಗ ಹೇಳಬೇಡಿ ಉಮಾಶಂಕರ್. ಹೆಸರು ಗೊತ್ತಾದ್ರೆ ಓದೋನಿಗೆ ಅಯ್ಯೋ ಅನ್ಸುತ್ತೆ. ಅಯ್ಯೋ ಅನ್ಸಿದ್ರೆ ಅಲ್ಲೇ ನಿಂತ್ಕೊತಾನೆ. ಅವನು ಓಡ್ತಾ ಇರಬೇಕು."

ಉಮಾಶಂಕರ ಈ ಪಾಠವನ್ನು ಒಂದು ದಿನವೂ ಮೀರಿರಲಿಲ್ಲ. ಅವನ ಹೆಣಗಳಿಗೆ ಮೂರನೇ ಅಧ್ಯಾಯದ ತನಕ ಹೆಸರಿಲ್ಲ, ಊರಿಲ್ಲ, ಅಳುವವರಿಲ್ಲ. ಹೀಗೆ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿದ್ದಾಗ, ಎರಡು ಸಾವಿರದ ಒಂದರಲ್ಲಿ, ಹರಾಜು ಶುರುವಾದ ಹೊಸತರಲ್ಲಿ ಒಂದು ಬೆಳಿಗ್ಗೆ ಮಿರ್ಲೆಯಿಂದ ಭಾವ ಶಿವಣ್ಣ ಬಂದು ಹರಾಜು ಕಟ್ಟೆಯ ಬಾಗಿಲಲ್ಲಿ ಟವಲು ಹಿಂಡುತ್ತಾ ನಿಂತರು.

"ಏನ್ ಭಾವ, ಅಕ್ಕಂಗೆ ಉಸಾರಿಲ್ವಾ?"

"ಉಸಾರಿಲ್ಲ ಅಂತ್ಲೇ ತಾನೆ ಆಪ್ರೇಸನ್ನು ಮಾಡಿಸ್ತಿರೋದು. ಈಗ ಅದ್ಕೂ ಬರಕಿಲ್ಲ ಅಂತಾವ್ಳೆ. ಕಾಗೆ ತಲೆ ಮುಟ್ಬುಡ್ತಂತೆ."

ಅಕ್ಕ ಚಿಕ್ಕಬೀರಮ್ಮನ ಹೊಟ್ಟೆಯಲ್ಲೊಂದು ಗಡ್ಡೆ ಇದೆಯೆಂದು ಗೊತ್ತಾಗಿ ತಿಂಗಳಾಗಿತ್ತು. ಮೈಸೂರಿನ ನರ್ಸಿಂಗ್ ಹೋಮೊಂದರ ಡಾಕ್ಟರಮ್ಮ ಗರ್ಭಕೋಶವನ್ನೇ ತೆಗೆಯಬೇಕೆಂದು ಹೇಳಿ ದಿನವನ್ನೂ ಗೊತ್ತು ಮಾಡಿದ್ದರು. ಅಕ್ಕ ಒಪ್ಪಿ, ಎರಡು ಸೀರೆ ಮಡಿಸಿ ಚೀಲಕ್ಕೂ ಹಾಕಿಕೊಂಡಿದ್ದಳು. ಅಷ್ಟರಲ್ಲಿ ಹಿತ್ತಲಲ್ಲಿ ಬಟ್ಟೆ ಒಣಗಲು ಹಾಕುತ್ತಿದ್ದಾಗ ಕಾಗೆಯೊಂದು ಬಂದು ನೆತ್ತಿಯ ಮೇಲೆ ಕಾಲೂರಿ ಹೋಯಿತು.

ಆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಗೆ ತಲೆ ಮುಟ್ಟಿದರೆ ಸಾವು ಬೆನ್ನಿಗಿದೆ ಎಂದರ್ಥ. ಅದಕ್ಕೆ ಪರಿಹಾರವೂ ಉಂಟು. ಮುಟ್ಟಿಸಿಕೊಂಡವರು ಸತ್ತುಹೋದರೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಸುದ್ದಿಯನ್ನು ನಿಜವೆಂದು ನಂಬಿ ಯಾರಾದರೂ ಮನಸಾರೆ ಅಳಬೇಕು. ಆ ಅಳು ಕೇಳಿಸಿಕೊಂಡು ಸಾವು ತನ್ನ ಕೆಲಸ ಆಗಲೇ ಮುಗಿದಿದೆ ಅಂದುಕೊಂಡು ವಾಪಸು ಹೋಗುತ್ತದೆ. ಆಮೇಲೆ ನೆಂಟರಿಗೆ ಸಿಹಿ ಊಟ.

"ಸರಿ, ಸುದ್ದಿ ಕಳಿಸಿ ಮತ್ತೆ," ಅಂದ ಉಮಾಶಂಕರ. ಅವನಿಗೆ ಇಂಥದ್ದರಲ್ಲಿ ನಂಬಿಕೆ ಇರಲಿಲ್ಲ. ಆದರೆ ಅಕ್ಕ ಆಪರೇಷನ್ನಿಗೆ ಹೋಗುವುದು ಮುಖ್ಯವಾಗಿತ್ತು.

"ಕಳ್ಸಿ ಆಯ್ತು ಕಣಪ್ಪ. ಅದೇ ಈಗ ಫಜೀತಿ ಆಗಿರೋದು."

ಶಿವಣ್ಣ ಕೆ.ಆರ್. ನಗರದ ಬೂತಿಗೆ ಹೋಗಿ, ಪಿರಿಯಾಪಟ್ಟಣದಲ್ಲಿದ್ದ ತಂಗಿ ಬಸವಮ್ಮನಿಗೆ ಗದ್ಗದ ದನಿ ಮಾಡಿಕೊಂಡು, ನಿಮ್ಮ ಅತ್ತಿಗೆ ಹೋಗಿಬಿಟ್ಟಳು ಎಂದು ಫೋನು ಮಾಡಿದ್ದರು. ಬಸವಮ್ಮ ಬುದ್ಧಿವಂತೆ. ಅಳುವುದಕ್ಕೆ ಮುಂಚೆ ಒಂದು ಸಲ ಖಾತ್ರಿ ಮಾಡಿಕೊಳ್ಳೋಣವೆಂದು ಮಿರ್ಲೆಯ ಮನೆಗೇ ಫೋನು ಹಚ್ಚಿದಳು. ಮನೆಗೆ ಫೋನು ಬಂದು ಆರು ತಿಂಗಳಾಗಿತ್ತಷ್ಟೆ. ಅದು ಬಡಿದುಕೊಂಡರೆ ಓಡಿಹೋಗಿ ಎತ್ತುವುದು ಚಿಕ್ಕಬೀರಮ್ಮನ ಸಂಭ್ರಮ. ಅವತ್ತೂ ಎತ್ತಿದಳು.

"ಅಲೋ, ಅತ್ತಿಗೆವ್ವ ಓಗ್ಬುಟ್ರಂತೆ, ನಿಜ್ವಾ?"

"ಊ ಕಣವ್ವ," ಅಂದಳು ಚಿಕ್ಕಬೀರಮ್ಮ. "ಬೆಳಿಗ್ಗೇನೆ ಓಗ್ಬುಟ್ಟೆ."

ಬಸವಮ್ಮ ನಕ್ಕ ನಗು ಫೋನಿನಿಂದಾಚೆ ಹಿತ್ತಲಿಗೂ ಕೇಳಿಸಿತಂತೆ. ಇನ್ನು ಹೆಗ್ಗಡದೇವನಕೋಟೆಯಲ್ಲಿದ್ದ ಶಿವಣ್ಣನ ಚಿಕ್ಕಪ್ಪ ದೊಡ್ಡಬೀರಯ್ಯ ಹಳಬರು. ಸುದ್ದಿ ಕೇಳಿದವರೇ, "ಯಾಕ್ಲಾ ಶಿವಣ್ಣ, ಕಾಗೆ ಗೀಗೆ ಮುಟ್ತಾ?" ಎಂದರು. ಅಲ್ಲಿಗೆ ಮುಗಿಯಿತು. ಚಿಕ್ಕವರು ಫೋನು ಮಾಡಿ ಕೇಳುತ್ತಾರೆ, ಹಳಬರಿಗೆ ಉಪಾಯ ಗೊತ್ತು. ನಂಬಿ ಅಳುವ ನೆಂಟರು ಯಾರೂ ಉಳಿದಿರಲಿಲ್ಲ.

ಭಾನುವಾರ ಉಮಾಶಂಕರ ಮಿರ್ಲೆಗೆ ಹೋದ. ಅವನು ಮೂರು ವರ್ಷದವನಿದ್ದಾಗ ತಾಯಿ ತೀರಿಹೋಗಿ, ಆಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಮದುವೆಯಾಗಿ ಮಿರ್ಲೆಗೆ ಬಂದಾಗ ಹೆಣ್ಣಿನ ಜೊತೆ ತಮ್ಮನೂ ಬಂದ. ಅಲ್ಲೇ ಸ್ಕೂಲು, ಅಲ್ಲೇ ಊಟ. ಅವಳಿಗೆ ಮಕ್ಕಳಾಗಲಿಲ್ಲ. ಕೇಳಿದವರಿಗೆಲ್ಲ, "ಇವ್ನೊಬ್ಬ ಅವ್ನಲ್ಲ ಮಗ್ನಂಗೆ, ಇನ್ನೊಂದ್ಯಾಕೆ?" ಅನ್ನುತ್ತಿದ್ದಳು. ಅವಳಿಗೆ ಏನಾದರೂ ಆಗುವುದೆಂಬ ಯೋಚನೆಯನ್ನೇ ಉಮಾಶಂಕರ ಹತ್ತಿರ ಬಿಟ್ಟುಕೊಂಡಿರಲಿಲ್ಲ. ಅಕ್ಕ ಎಂದರೆ ಇರುವವಳು, ಅಷ್ಟೆ.

"ಕಾಗೆ ಕಾಲಿಡಕ್ಕೂ ಸಾವಿಗೂ ಏನಕ್ಕ ಸಂಬಂದ?" ಎಂದು ಶುರು ಮಾಡಿದ.

"ನಂಗೂ ಗೊತ್ತು ಕಣ್ಲಾ, ಕಾಗೆ ಅಂದ್ರೆ ಕಾಗೆ. ಆದ್ರೂ ಕತ್ತಿ ಕೆಳಗೆ ಮನಿಕೊಳೋ ಮುಂಚೆ ಯಾವ್ದೂ ಬಾಕಿ ಇರಬಾರ್ದು. ಯಾರಾನಾ ಒಬ್ರು ಅತ್ರೆ ಸಾಕು, ನಾಳೆನೇ ಬತ್ತೀನಿ."

"ಯಾರೂ ಅಳ್ತಿಲ್ವಲ್ಲಕ್ಕ."

"ಅದ್ಕೇ ನಿಂಗೆ ಯೋಳಿ ಕಳ್ಸಿದ್ದು. ತಿಂಗಳಿಗೊಬ್ರನ್ನ ಸಾಯಿಸ್ತೀಯಲ್ಲ, ಈ ತಿಂಗಳು ನನ್ನ ಸಾಯ್ಸು. ನಿನ್ ಪುಸ್ತಕ ಊರೂರಿಗೆ ಓಯ್ತದೆ. ಅಷ್ಟು ಜನದಲ್ಲಿ ಒಬ್ರಾದ್ರೂ ಅಳಾಕಿಲ್ವಾ?"

ಇವಳಿಗೆ ಹೇಗೆ ಹೇಳುವುದು? ಉಮಾಶಂಕರನ ಓದುಗರು ಕೊನೆಯ ಪುಟ ಮೊದಲು ಓದುವ ಜನ. ಹೆಣ ಕಂಡರೆ ಹಿಗ್ಗುವವರು. ಆದರೆ ಡಾಕ್ಟರಮ್ಮ ಒಂದು ಸಲ ಮುಂದಕ್ಕೆ ಹಾಕಿದ ದಿನ ದೀಪಾವಳಿಯ ಮುಂಚಿನ ಬುಧವಾರಕ್ಕೆ ಬಂದು ನಿಂತಿತ್ತು, ಅದನ್ನೂ ತಪ್ಪಿಸಿದರೆ ತಾವು ಜವಾಬ್ದಾರರಲ್ಲ ಎಂದಿದ್ದರು. ಅಕ್ಕನನ್ನು ಉಳಿಸಬೇಕಾದರೆ ಅಕ್ಕನನ್ನು ಕೊಲ್ಲಬೇಕು, ಅದೂ ಜನ ಅಳುವ ಹಾಗೆ. ಹಾಗೆ ಕೊಂದು ಅವನಿಗೆ ಅಭ್ಯಾಸವೇ ಇರಲಿಲ್ಲ.

"ಆಯ್ತು," ಅಂದ. "ಎಂಗೆ ಸಾಯ್ತೀಯಾ ಯೋಳು."

ಅಕ್ಕ ಕಾಲು ಚಾಚಿ ಕೂತು ಯೋಚನೆ ಮಾಡಿದಳು. ನಾಲೆಗೆ ನೂಕುವುದು ಬೇಡ, ನೀರಲ್ಲಿ ಸೀರೆ ಸರಿಯುತ್ತದೆ, ನೋಡಿದವರು ಏನಂದುಕೊಂಡಾರು. ಚಾಕು ಬೇಡ, ರಕ್ತ ನೋಡಿದರೆ ಅವಳಿಗೇ ತಲೆ ಸುತ್ತುತ್ತದೆ. ವಿಷ ಬೇಡವೇ ಬೇಡ, ಜನ ಗಂಡನ ಮೇಲೆ ಗೂಬೆ ಕೂರಿಸುತ್ತಾರೆ.

"ಮತ್ತೆ ಕೊಂದೋರು ಯಾರು ಅನ್ನನ?"

"ನಮ್ಮೂರೋರು ಬ್ಯಾಡ, ಆಮೇಲೆ ಕ್ಯಾತೆ ಬತ್ತದೆ. ನೆಂಟ್ರು ಬ್ಯಾಡ. ಗೊತ್ತಿಲ್ದೋರು ಯಾಕೆ ನನ್ನ ಕೊಲ್ತಾರೆ? ಅದೂ ಬ್ಯಾಡ."

"ಅಂಗಾದ್ರೆ ಕೊಲ್ಲೋರೇ ಇಲ್ವಲ್ಲಕ್ಕ!"

"ಅದು ನಿನ್ ಕೆಲ್ಸ. ನಾನೇನು ಓದಿದೋಳಾ? ಒಂದು ಮಾತು, ನನ್ನ ಎಸ್ರು ಮೊದ್ಲೇ ಆಕ್ಬುಡು. ಇಲ್ದಿದ್ರೆ ಅತ್ತಿದ್ದು ಇನ್ಯಾರ ಎಸ್ರಿಗಾದ್ರೂ ಓಯ್ತದೆ." ಆಮೇಲೆ ಏನೋ ನೆನಪಾದವಳಂತೆ ಕೇಳಿದಳು. "ಅಲ್ಲ ಕಣ್ಲಾ, ನಾನು ಸತ್ತ ಮಾರನೆ ದಿನ ಎಮ್ಮೆ ಯಾರು ಕರೀತಾರೆ? ಅದು ನನ್ನ ಬುಟ್ರೆ ಯಾರನ್ನೂ ಅತ್ರ ಸೇರಿಸಾಕಿಲ್ಲ. ಅದನ್ನೂ ಬರಿ."

ಹುಣಸೂರಿನ ಬಸ್ಸಿನಲ್ಲಿ ಕೂತಾಗ ಅವನಿಗೆ ಆ ಎಮ್ಮೆಯದೇ ಚಿಂತೆ. ಅವನು ಕೊಂದ ಐವತ್ತು ಜನರಲ್ಲಿ ಒಬ್ಬರ ಮನೆಯಲ್ಲೂ ಎಮ್ಮೆ ಇರಲಿಲ್ಲ. ಇದ್ದಿರಬೇಕು. ಅವನು ವಿಚಾರಿಸಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಹಾಳೆ ಎಳೆದುಕೊಂಡು, 'ಮಿರ್ಲೆಯ ಚಿಕ್ಕಬೀರಮ್ಮ ಸತ್ತಳು' ಎಂದು ಬರೆದ. ಬರೆದ ಮೇಲೆ ಕೈ ನಿಂತಿತು. ಮೊದಲ ಸಾಲಿನಲ್ಲೇ ಹೆಸರು, ಊರು, ಸಾವು ಮೂರೂ ಬಂದುಬಿಟ್ಟವು, ಬಚ್ಚಿಡಲು ಏನೂ ಉಳಿಯಲಿಲ್ಲ. ಹನ್ನೆರಡು ವರ್ಷ ಕಲಿತ ವಿದ್ಯೆಯೆಲ್ಲ ಬಚ್ಚಿಡುವುದರದ್ದೇ. ಈಗ ಇನ್ನೇನು ಬರೆಯುವುದು? ಕೊನೆಗೆ ಎಮ್ಮೆಯ ಬಗ್ಗೆ ಬರೆದ. ಅದು ಭಾವನನ್ನು ಒದ್ದು ತಂಬಿಗೆ ಉರುಳಿಸಿದ್ದನ್ನು ಬರೆದ. ಭಾವ ಉಪ್ಪಿಗಾಗಿ ಅಡುಗೆಮನೆಯೆಲ್ಲ ಹುಡುಕಿ, ಸಿಕ್ಕದೆ, ಉಪ್ಪಿಲ್ಲದ ಸಾರು ಉಂಡದ್ದನ್ನು ಬರೆದ. ಪಕ್ಕದ ಮನೆಯ ಕೆಂಪಾಜಮ್ಮ ಅಭ್ಯಾಸಬಲದಿಂದ ಗೋಡೆಯ ಮೇಲೆ ಸೊಪ್ಪು ಇಟ್ಟು ಹೋದದ್ದು, ಅದು ಅಲ್ಲೇ ಬಾಡಿದ್ದು ಬಂತು.

ನಾಲ್ಕನೇ ದಿನ ಇನ್ಸ್‌ಪೆಕ್ಟರ್ ಮರಿಯಯ್ಯನನ್ನು ಕರೆಸಿದ. ಅವನಾದರೂ ಕತೆಯನ್ನು ದಾರಿಗೆ ತರುತ್ತಾನೆಂಬ ಆಸೆ. ಮರಿಯಯ್ಯ ಜೀಪಿನಿಂದ ಇಳಿದು ಮನೆಯೊಳಗೆ ಬಂದ, ಜಗಲಿಯ ಮೇಲೆ ಕೂತ, ಯಾರನ್ನು ಏನು ಕೇಳಬೇಕೆಂದು ತೋಚದೆ ಎದ್ದುಹೋಗಿ ಎಮ್ಮೆಗೆ ಹುಲ್ಲು ಹಾಕಿದ. ಉಮಾಶಂಕರ ಅದನ್ನು ಹೊಡೆದುಹಾಕಿ ಮತ್ತೆ ಬರೆದ. ಮರಿಯಯ್ಯ ಮತ್ತೆ ಹುಲ್ಲೇ ಹಾಕಿದ. ಇದು ಪತ್ತೇದಾರಿ ಕಾದಂಬರಿಯೋ ತಿಥಿಯ ವರದಿಯೋ ಅವನಿಗೇ ತಿಳಿಯಲಿಲ್ಲ. ಚೆನ್ನಾಗಿದೆಯೋ ಕೆಟ್ಟದಾಗಿದೆಯೋ ಅದೂ ತಿಳಿಯಲಿಲ್ಲ. ಒಂದು ಮಾತ್ರ ಗೊತ್ತಿತ್ತು, ಇಷ್ಟೆಲ್ಲ ಬರೆದರೂ ಅವನ ಕಣ್ಣು ಒದ್ದೆಯಾಗಿರಲಿಲ್ಲ. ತನಗೇ ಬಾರದ ಅಳು ಊರವರಿಗೆ ಎಲ್ಲಿಂದ ಬರಬೇಕು?

ಒಂದು ದಿನ ಹೆಂಡತಿ ಸುಧಾ ಕಾಫಿ ತಂದಿಟ್ಟು ಬಗ್ಗಿ ನೋಡಿದಳು. ಅವಳು ಗಂಡನ ಪುಸ್ತಕ ಒಂದನ್ನೂ ಓದಿದವಳಲ್ಲ, ಹೆದರಿಕೆ. ಈ ಸಲ ಎರಡು ಹಾಳೆ ನಿಂತೇ ಓದಿ, "ಇದ್ರಲ್ಲಿ ಭಯ ಆಗೋದೇನೂ ಇಲ್ವಲ್ರೀ?" ಅಂದಳು. ಅದು ಹೊಗಳಿಕೆಯೋ ದೂರೋ ಎಂದು ಕೇಳುವಷ್ಟರಲ್ಲಿ ಒಳಗೆ ಹಾಲು ಉಕ್ಕಿತು, ಅವಳು ಓಡಿದಳು.

ಆಪರೇಷನ್ನಿಗೆ ಎರಡು ದಿನ ಇರುವಾಗ, ಸೋಮವಾರ, ಉಮಾಶಂಕರ ರಜೆ ಹಾಕಿ ಮೈಸೂರಿಗೆ ಹೋದ. ಮೊದಲು ಕಂಠಪ್ಪನವರ ಆಫೀಸು. ವಾರದ ಹಿಂದೆಯೇ ಹಸ್ತಪ್ರತಿ ಕಳಿಸಿ, ಬುಧವಾರದೊಳಗೆ ಪುಸ್ತಕ ಅಂಗಡಿಗೆ ಬರಲೇಬೇಕೆಂದು ಹೇಳಿದ್ದ. ಕಂಠಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕೊಲೆಗಾರ ಎಲ್ರೀ?"

"ಇಲ್ಲ ಸಾರ್."

"ಇಲ್ಲ ಅಂದ್ರೆ? ಮುಂದಿನ ಭಾಗದಲ್ಲಿ ಬರ್ತಾನಾ?"

"ಇಲ್ಲವೇ ಇಲ್ಲ ಸಾರ್. ಅಕ್ಕ ಬೇಡ ಅಂದ್ಲು."

ಕಂಠಪ್ಪ ಹಾಳೆ ತಿರುವಿ ಒಂದು ಕಡೆ ಬೆರಳಿಟ್ಟರು. "ಇನ್ಸ್‌ಪೆಕ್ಟರ್ರು ಎಮ್ಮೆಗೆ ಹುಲ್ಲು ಯಾಕ್ರೀ ಹಾಕ್ತಾನೆ? ಮರಿಯಯ್ಯನ ಹೆಸರಿಗೆ ಪುಸ್ತಕ ತಗೋತಾರೆ ಜನ. ಟಿ.ವಿ. ಧಾರಾವಾಹಿ ಬಂದ್ಮೇಲೆ ಮೊದ್ಲೇ ನಮ್ಮ ಪಾಡು ಕೆಟ್ಟಿದೆ. ಕೆಟ್ಟದಾಗಿ ಬರ್ದಿದೀರಿ ಅಂತ ನಾನು ಹೇಳ್ತಿಲ್ಲ. ಇದು ಏನು ಅಂತ್ಲೇ ಗೊತ್ತಾಗ್ತಿಲ್ಲ."

"ಓದೋವಾಗ ಅಳು ಬಂತಾ ಸಾರ್?" ಉಮಾಶಂಕರ ಕೇಳಿಯೇಬಿಟ್ಟ.

"ನನಗಾ?" ಕಂಠಪ್ಪ ಪ್ರಾಮಾಣಿಕವಾಗಿ ಯೋಚಿಸಿದರು. "ಯಾರು ಕೊಂದಿರಬಹುದು ಅನ್ನೋ ಯೋಚನೇಲಿ ಅಳೋಕೆ ಪುರುಸೊತ್ತೇ ಆಗ್ಲಿಲ್ಲ."

ಹಾಳೆಗಳ ಕಟ್ಟನ್ನು ಅವನ ಕೈಗೆ ಕೊಟ್ಟು, ಕೊಲೆಗಾರ ಸಿಕ್ಕಿದ ಮೇಲೆ ಬನ್ನಿ ಎಂದು ಕಾಫಿ ತರಿಸಿದರು. ಉಮಾಶಂಕರನಿಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ದಿಗಿಲಾಯಿತು. ಪುಸ್ತಕ ಅಚ್ಚಾಗುವುದಿಲ್ಲ. ಅಚ್ಚಾಗದಿದ್ದರೆ ಯಾರೂ ಓದುವುದಿಲ್ಲ. ಓದದಿದ್ದರೆ ಅಳುವುದಿಲ್ಲ, ಅಳದಿದ್ದರೆ ಅಕ್ಕ ಬುಧವಾರ ಬಸ್ಸು ಹತ್ತುವುದಿಲ್ಲ.

ಅಲ್ಲಿಂದ ನರ್ಸಿಂಗ್ ಹೋಮಿಗೆ ಹೋದ. ಹಾಸಿಗೆ ಖಾಲಿ ಇದೆಯೇ ಎಂದು ಕೇಳಿಕೊಂಡು ಬರುವುದಷ್ಟೇ ಕೆಲಸ. ಆದರೆ ಡಾಕ್ಟರಮ್ಮ ಅವನನ್ನು ಒಳಗೆ ಕರೆದು, ನರ್ಸಿಗೆ ಬಾಗಿಲು ಮುಂದೆ ಮಾಡಲು ಹೇಳಿದರು.

"ಅವರ ತಮ್ಮ ಅಲ್ವಾ ನೀವು? ಹೋದ ಸಲ ಬಂದಾಗ ಗಡ್ಡೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ವಿ. ಇವತ್ತು ಬಂತು. ಒಳ್ಳೆ ಗಡ್ಡೆ ಅಲ್ಲ ಅದು. ಹರಡಿದೆ."

'ಹರಡಿದೆ' ಎಂಬ ಮಾತು ಉಮಾಶಂಕರನ ಕಿವಿಗೆ ಬಿತ್ತು, ಅರ್ಥ ಆಗಲಿಲ್ಲ. ಆಗಿಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ.

"ಆಪರೇಷನ್?"

"ಮಾಡಲೇಬೇಕು. ಮಾಡಿದ್ರೆ ಸ್ವಲ್ಪ ಕಾಲ ಸಿಗುತ್ತೆ, ನೋವೂ ಕಡಿಮೆ ಇರುತ್ತೆ. ಮಾಡದಿದ್ರೆ ಬರೋ ಬೇಸಿಗೆ ದಾಟೋದು ಕಷ್ಟ."

"ಮಾಡಿದ್ರೆ ವಾಸಿ ಆಗುತ್ತಾ?"

"ಸ್ವಲ್ಪ ಕಾಲ ಸಿಗುತ್ತೆ," ಎಂದು ಡಾಕ್ಟರಮ್ಮ ಅದೇ ಮಾತನ್ನು ಇನ್ನೂ ಮೆತ್ತಗೆ ಹೇಳಿದರು. ಆಮೇಲೆ, "ಮನೆಯವರಿಗೆ ಹೇಳ್ಬೇಕು. ನೀವು ಬರೆಯೋರಂತೆ, ನಿಮ್ಮಕ್ಕ ಹೇಳಿದ್ರು. ಯಾವ ಮಾತಲ್ಲಿ ಹೇಳ್ಬೇಕು ಅನ್ನೋದು ನನಗಿಂತ ನಿಮಗೆ ಚೆನ್ನಾಗಿ ಗೊತ್ತಿರುತ್ತೆ," ಅಂದರು.

ಮಿರ್ಲೆಗೆ ಹೋಗುವ ಬಸ್ಸಿನಲ್ಲಿ ಅವನು ಆ ಮಾತನ್ನು ಹುಡುಕಿದ. ಸಾವಿನ ಸುದ್ದಿ ತಿಳಿಸುವ ಪ್ರಸಂಗಗಳನ್ನು ಎಷ್ಟೋ ಬರೆದಿದ್ದ. ಮರಿಯಯ್ಯ ಟೋಪಿ ತೆಗೆಯುತ್ತಾನೆ, 'ಕ್ಷಮಿಸಿ' ಅನ್ನುತ್ತಾನೆ, ಅಧ್ಯಾಯ ಮುಗಿಯುತ್ತದೆ. ಆಚೆಗೆ ಆ ಮನೆಯವರು ಏನು ಮಾಡಿದರು, ಹೇಳಿದವನು ಎಲ್ಲಿ ನೋಡುತ್ತಾ ನಿಂತ ಎಂಬುದು ಅವನ ಯಾವ ಪುಸ್ತಕದಲ್ಲೂ ಇರಲಿಲ್ಲ. ಭಾವನಿಗೆ ಮೊದಲು ಹೇಳುವುದೋ? ಭಾವ ಒಂದು ಗಂಟೆಯೂ ಮುಚ್ಚಿಡಲಾರರು. ಅಕ್ಕನಿಗೇ ಹೇಳುವುದೋ? ಹೇಳಿದರೆ, 'ನೋಡು, ಕಾಗೆ ಸುಳ್ಳೇಳಲಿಲ್ಲ' ಎಂದು ಆಪರೇಷನ್ನೇ ಬೇಡ ಅಂದುಬಿಟ್ಟರೆ? ಹೇಳದಿದ್ದರೆ ಅದು ಮೋಸವಲ್ಲವೇ? ಕೆ.ಆರ್. ನಗರದಲ್ಲಿ ಬಸ್ಸು ಬದಲಾಯಿಸುವಾಗ ಹೇಳಬೇಕೆಂದು ತೀರ್ಮಾನಿಸಿದ. ಮಿರ್ಲೆಯಲ್ಲಿ ಇಳಿಯುವಾಗ ಆ ತೀರ್ಮಾನ ಇನ್ನೂ ಇತ್ತು.

ಅಕ್ಕ ಜಗಲಿಯಲ್ಲಿ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಸಂಜೆಯ ಬಿಸಿಲು ಇನ್ನೂ ಅಂಗಳದಲ್ಲಿತ್ತು.

"ಬಾ ಬಾ. ಆಯ್ತಾ ಪುಸ್ತಕ? ಯಾರಾದ್ರೂ ಅತ್ರಾ?"

"ಅಚ್ಚಾಗಕಿಲ್ಲ ಅಂದ್ರು ಅಕ್ಕ."

ಅಕ್ಕನ ಮುಖ ಸಣ್ಣಗಾಯಿತು. ಕೈ ಮೊರದಲ್ಲೇ ನಿಂತಿತು. "ಅಂಗಾದ್ರೆ ಬುಧವಾರದ್ದು ಬ್ಯಾಡ ಬುಡು," ಅಂದಳು. ಕೋಪವಿರಲಿಲ್ಲ, ಹಟವೂ ಇರಲಿಲ್ಲ. ಅವಳಿಗೆ ನಿಜವಾಗಿಯೂ ಹೆದರಿಕೆ ಎಂಬುದು ಉಮಾಶಂಕರನಿಗೆ ಆಗ ಕಂಡಿತು. ಇಷ್ಟು ದಿನ ಅದನ್ನು ತಮಾಷೆ ಅಂದುಕೊಂಡಿದ್ದ.

ಕೊಟ್ಟಿಗೆಯಿಂದ ಬಂದ ಶಿವಣ್ಣ ಹಾಳೆಗಳ ಕಟ್ಟು ನೋಡಿ, "ಬರ್ದಿದ್ದು ಬರ್ದಿದೀಯಾ, ನಮಗಾದ್ರೂ ಒಸಿ ಓದು, ಕೇಳನ," ಅಂದರು.

ಹೇಳಬೇಕಾದ ಮಾತನ್ನು ಇನ್ನಷ್ಟು ಹೊತ್ತು ಮುಂದಕ್ಕೆ ಹಾಕಬಹುದಲ್ಲ ಎಂದು ಉಮಾಶಂಕರ ಓದತೊಡಗಿದ. 'ಮಿರ್ಲೆಯ ಚಿಕ್ಕಬೀರಮ್ಮ ಸತ್ತಳು.' ಅಕ್ಕ ಸೆರಗು ಸರಿಮಾಡಿಕೊಂಡು ಕೂತಳು. ಭಾವ ಉಪ್ಪು ಹುಡುಕುವ ಕಡೆ, "ಅಯ್ಯೋ, ಒಲೆ ಎಡಗಡೆ ಮಡಕೇಲಿ ಅದೆ ಅಂತ ಯಾರಾದ್ರೂ ಯೋಳಬಾರ್ದಾ," ಎಂದು ಚಡಪಡಿಸಿದಳು. ಎಮ್ಮೆ ಭಾವನನ್ನು ಒದ್ದಾಗ ಕಿಲಕಿಲ ನಕ್ಕಳು. ಇನ್ಸ್‌ಪೆಕ್ಟರು ಹುಲ್ಲು ಹಾಕಿದಾಗ, "ಪಾಪ, ಒಳ್ಳೇನು ಕಣ್ಲಾ ನಿನ್ ಪೋಲೀಸು," ಅಂದಳು. ಶಿವಣ್ಣ ಬಾಯಿಬಿಟ್ಟು ಕೇಳುತ್ತಿದ್ದರು. ಅಳು ಮಾತ್ರ ಯಾರಿಗೂ ಬರಲಿಲ್ಲ.

ಆಮೇಲೆ ಸತ್ತವಳ ತಮ್ಮ ಊರಿಗೆ ಬರುವ ಭಾಗ ಬಂತು. ಅವನು ಅಂಗಳದಲ್ಲಿ ಚಪ್ಪಲಿ ಬಿಡುತ್ತಾನೆ. ಬಿಟ್ಟು ಸುಮ್ಮನೆ ನಿಲ್ಲುತ್ತಾನೆ. ಒಳಗಿಂದ, 'ಕೈಕಾಲು ತೊಳ್ಕೊ, ರೊಟ್ಟಿ ಬಿಸಿ ಅದೆ' ಎಂಬ ಮಾತು ಬಂದರೆ ತಾನೆ ಅವನು ಒಳಗೆ ಹೋಗುವುದು? ಚಿಕ್ಕವನಿದ್ದಾಗಿಂದಲೂ ಹಾಗೇ. ಅವನು ಮಾತಿಗಾಗಿ ಕಾಯುತ್ತಾನೆ.

ಇದನ್ನು ಬರೆಯುವಾಗ ಅವನು ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದಿದ್ದ, ಏನೂ ಅನ್ನಿಸಿರಲಿಲ್ಲ. ಈಗ 'ಕಾಯುತ್ತಾನೆ' ಎಂಬ ಪದದ ಹತ್ತಿರ ಬಂದು ಓದು ನಿಂತಿತು. ಮುಂದಿನ ಸಾಲು ಕಣ್ಣಿಗೆ ಕಾಣಿಸಲಿಲ್ಲ. ತಲೆ ಎತ್ತಿದರೆ ಎದುರಿಗೆ ಅಕ್ಕ, ಮೊರದ ಅಂಚಿನ ಮೇಲೆ ಕೈಯಿಟ್ಟು, ಮುಂದೇನಾಯಿತು ಎಂದು ಅವನ ಬಾಯಿಯನ್ನೇ ನೋಡುತ್ತಿದ್ದಳು. 'ಸ್ವಲ್ಪ ಕಾಲ ಸಿಗುತ್ತೆ.' ಅವನಿಗೆ ಆಗ ಅರ್ಥವಾಯಿತು. ಹಾಳೆಗಳು ಕೈಯಿಂದ ಜಾರಿ ಜಗಲಿ ತುಂಬ ಚೆಲ್ಲಿದವು. ಉಮಾಶಂಕರ ಮುಖ ಮುಚ್ಚಿಕೊಂಡು ಅತ್ತ. ನಲವತ್ತು ದಾಟಿದ ಗಂಡಸು, ಭುಜ ಕುಲುಕಿಸಿಕೊಂಡು, ದನಿ ತೆಗೆದು, ಮೂರು ವರ್ಷದವನ ಹಾಗೆ ಅತ್ತ.

"ಅತ್ತ!" ಅಂದಳು ಅಕ್ಕ. ಮೊರವನ್ನು ಪಕ್ಕಕ್ಕೆ ನೂಕಿ ಅವನ ಹತ್ತಿರ ಸರಿದಳು. "ನೋಡ್ರೀ, ಅತ್ತ ಕಣ್ರೀ! ಅಳು ಕಣಪ್ಪ, ಅಳು. ತಡೀಬ್ಯಾಡ. ಇನ್ನೊಸಿ ಅಳು." ಬೆನ್ನು ಸವರುತ್ತಾ, ಸೆರಗಿನಲ್ಲಿ ಅವನ ಮುಖ ಒರೆಸುತ್ತಾ, ಅವನು ನಿಲ್ಲಿಸುತ್ತಾನೆ ಅನ್ನಿಸಿದಾಗ ಮತ್ತೆ ಹುರಿದುಂಬಿಸುತ್ತಾ ಕೂತಳು. ಅವಳ ಮುಖದಲ್ಲಿ ಎಷ್ಟೋ ದಿನದಿಂದ ಇಲ್ಲದ ಕಳೆ ಬಂದಿತ್ತು.

ಶಿವಣ್ಣ ತಲೆ ಕೆರೆದುಕೊಂಡರು. ಅವರಿಗೆ ಒಂದು ಅನುಮಾನ ಕಾಡುತ್ತಿತ್ತು.

"ಅಲ್ವೇ, ಅವ್ನೇ ಬರ್ದಿರೋದು. ಸುಳ್ಳು ಅಂತ ಅವ್ನಿಗೆ ಗೊತ್ತಲ್ಲ. ನಿಜ ಅಂತ ನಂಬಿ ಅತ್ರೆ ತಾನೆ ಲೆಕ್ಕ? ಗೊತ್ತಿದ್ದೂ ಅತ್ರೆ ನಡೀತದಾ?"

"ಅವನ ಮಖ ನೋಡಿ ಯೋಳಿ ನೀವು," ಅಂದಳು ಚಿಕ್ಕಬೀರಮ್ಮ. "ಸುಳ್ಳಿಗೆ ಯಾರಾನಾ ಇಂಗೆ ಅಳ್ತಾರಾ? ಆ ಗಳಿಗೇಲಿ ಅವ್ನು ನಿಜ ಅಂತ್ಲೇ ನಂಬವ್ನೆ." ಅವನ ಗಲ್ಲ ಹಿಡಿದು ಮುಖ ತನ್ನ ಕಡೆಗೆ ತಿರುಗಿಸಿಕೊಂಡಳು. "ಅಲ್ವೇನ್ಲಾ? ನಾನು ದಿಟವಾಗ್ಲೂ ಓಗ್ಬುಡ್ತೀನಿ ಅಂತ್ಲೇ ಅತ್ತಿದ್ದು ತಾನೆ?"

ಹೇಳುವುದಿದ್ದರೆ ಇದೇ ಗಳಿಗೆ. ಮಾತು ನಾಲಿಗೆಯ ಮೇಲೇ ಇತ್ತು. ಅತ್ತದ್ದು ಹಾಳೆಯ ಮೇಲಿನ ಸಾವಿಗೋ, ಇವಳ ಸಾವಿಗೋ, ಇದು ಕಾಗೆಯ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ, ತಾನು ಅಕ್ಕನಿಗೆ ಒಳ್ಳೆಯದು ಮಾಡುತ್ತಿದ್ದೇನೋ ಕೆಟ್ಟದ್ದೋ, ಉಮಾಶಂಕರನಿಗೆ ಒಂದೂ ಹೊಳೆಯಲಿಲ್ಲ. ಅಕ್ಕನ ಕಣ್ಣು ಅವನ ಕಣ್ಣಲ್ಲೇ ಇತ್ತು.

"ಊ ಅಕ್ಕ," ಅಂದ. "ಅಂಗೇ ಅನ್ಕಂಡೆ."

"ನಾನೇಳಲಿಲ್ವಾ!" ಅಕ್ಕ ಗಂಡನ ಕಡೆ ಗೆದ್ದ ನೋಟ ಬೀರಿ ಎದ್ದಳು. ಒಳಗೆ ಹೋಗಿ ಗೂಟದಿಂದ ಸೀರೆಯ ಚೀಲ ಇಳಿಸಿದಳು, ಬುಧವಾರ ಎಷ್ಟು ಹೊತ್ತಿಗೆ ಬಸ್ಸು ಎಂದು ಕೂಗಿ ಕೇಳಿದಳು. ಶಿವಣ್ಣ ಸಮಾಧಾನದಿಂದ ಬೀಡಿ ಹಚ್ಚಿದರು. ಉಮಾಶಂಕರ ಬಗ್ಗಿ ಹಾಳೆಗಳನ್ನು ಆಯತೊಡಗಿದ, ಯಾವುದರ ಹಿಂದೆ ಯಾವುದು ಬರುತ್ತದೆಂದು ಅವನಿಗೆ ತಿಳಿಯಲಿಲ್ಲ. ಹಿತ್ತಲ ಕಡೆಯಿಂದ ಅಕ್ಕನ ದನಿ ಕೇಳುತ್ತಿತ್ತು. ಗೋಡೆಯಾಚೆಯ ಕೆಂಪಾಜಮ್ಮನಿಗೆ ಅವಳು ಗಂಟಲೆತ್ತಿ ಹೇಳುತ್ತಿದ್ದಳು.

"ನನ್ ತಮ್ಮ ಅತ್ತ ಕಣವ್ವ, ಎಂಗೆ ಅತ್ತ ಗೊತ್ತಾ! ಇನ್ನಿಪ್ಪತ್ತು ವರ್ಸ ನಂಗೇನೂ ಆಗಾಕಿಲ್ಲ ಬುಡು."